‘ಸಾಮಾನ್ಯ ಪಡೆ’ ಎಂಬ ಅನುವಾದದ ಬಗ್ಗೆ

ಈಚೆಗೆ ಯುದ್ಧದ ವರದಿಯೊಂದರ ಕನ್ನಡ ಅನುವಾದದಲ್ಲಿ ‘ರೆಗ್ಯುಲರ್ ಟ್ರೂಪ್ಸ್’ ಎಂಬುದು ‘ಸಾಮಾನ್ಯ ಪಡೆಗಳು’ ಆಗಿರುವುದನ್ನು ಓದಿದೆ. ಸೈನ್ಯದ ಪರಿಭಾಷೆಯಲ್ಲಿ ರೆಗ್ಯುಲರ್ ಎಂದರೆ ಸಾಧಾರಣ ಎಂದಲ್ಲ. ಆ ಪದದ ಬೇರು ಲ್ಯಾಟಿನ್ನಿನ ‘ರೆಗುಲಾ’, ಅಂದರೆ ಕಟ್ಟಳೆ. ಯುದ್ಧವಿರಲಿ, ಇಲ್ಲದಿರಲಿ, ಸರ್ಕಾರದ ಸಂಬಳದಲ್ಲಿ, ಸೇನಾ ಕಾನೂನಿನ ಅಧೀನದಲ್ಲಿ ಸದಾ ಸಜ್ಜಾಗಿರುವ ಪಡೆಗೆ ಆ ಹೆಸರು.

ಕಾರವಾರದ ಕಡಲತೀರದಲ್ಲಿ ಪ್ರತಿಮೆಯಾಗಿ ನಿಂತಿರುವ, ಚೆಂಡಿಯಾದ ರಾಮ ರಾಘೋಬಾ ರಾಣೆಯವರು ಅಂಥ ಪಡೆಯವರು. ಪಾಕಿಸ್ತಾನದೊಂದಿಗಿನ ಮೊದಲ ಕಾಶ್ಮೀರ ಯುದ್ಧದಲ್ಲಿ, 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಜೌರಿಗೆ ಹೋಗುವ ದಾರಿಯಲ್ಲಿ, ಗುಂಡಿನ ಸುರಿಮಳೆಯ ನಡುವೆಯೇ ನೆಲಬಾಂಬುಗಳನ್ನು ತೆಗೆದು ಟ್ಯಾಂಕುಗಳಿಗೆ ಹಾದಿ ಮಾಡಿಕೊಟ್ಟು ಪರಮವೀರ ಚಕ್ರ ಪಡೆದವರನ್ನು ‘ಸಾಮಾನ್ಯ ಪಡೆ’ಗೆ ಸೇರಿಸಲು ನಮ್ಮ ಜಿಲ್ಲೆಯಲ್ಲಿ ಯಾರೂ ಒಪ್ಪಲಿಕ್ಕಿಲ್ಲ. ಆ ಯುದ್ಧದಲ್ಲಿ ಎದುರು ಪಕ್ಷದಿಂದ ನುಗ್ಗಿದ್ದ ಬುಡಕಟ್ಟು ಲಷ್ಕರಿಗಳಿಗೂ, ಅಂದರೆ ಬುಡಕಟ್ಟಿನವರು ಕಟ್ಟಿಕೊಂಡ ದಂಡುಗಳಿಗೂ, ಸೇನೆಗೂ ಇದ್ದ ವ್ಯತ್ಯಾಸವನ್ನು ಹೇಳುವುದಕ್ಕೇ ಈ ಪದ ಬೇಕಾಗುತ್ತದೆ.

ಹಾಗಾದರೆ ಕನ್ನಡದಲ್ಲಿ ಏನೆನ್ನಬೇಕು? ಕೌಟಿಲ್ಯ ಹೇಳುವ ಆರು ಬಗೆಯ ಸೇನೆಗಳಲ್ಲಿ ಮೊದಲನೆಯದಾದ ‘ಮೌಲಬಲ’, ಅಂದರೆ ತಲೆತಲಾಂತರದಿಂದ ರಾಜನ ಸೇವೆಯಲ್ಲಿರುವ ಮೂಲ ಪಡೆ, ಇದಕ್ಕೆ ಹತ್ತಿರದ್ದು. ಆದರೆ ಅದರಲ್ಲಿ ವಂಶಪಾರಂಪರ್ಯದ ವಾಸನೆಯಿದೆ. ‘ನಿಯಮಿತ ಸೇನೆ’ ವ್ಯುತ್ಪತ್ತಿಯ ದೃಷ್ಟಿಯಿಂದ ಸರಿಯೇ. ಆದರೆ ನಮ್ಮ ಶಿರಸಿ ಸೀಮೆಯಲ್ಲಿ ಪ್ರತಿ ಸೊಸೈಟಿಯ ಫಲಕದ ತುದಿಯಲ್ಲೂ ‘ನಿಯಮಿತ’ ಎಂದು ಬರೆದಿರುವುದರಿಂದ, ಅಡಿಕೆ ಮಾರಲು ಹೋಗುವವರಿಗೆ ಅದು ಷೇರು ಬಂಡವಾಳವಿರುವ ಸೇನೆಯಂತೆ ಕೇಳಿಸಿದರೆ ತಪ್ಪು ಅವರದಲ್ಲ.

ನನ್ನ ಮಟ್ಟಿಗೆ ‘ಖಾಯಂ ಸೇನೆ’ಯೇ ಸರಿ. ನಾಲ್ಕು ವರ್ಷಕ್ಕೆ ಸೇರುವ ಅಗ್ನಿವೀರರನ್ನು ಖಾಯಂ ಎನ್ನಬಹುದೇ ಎಂದು ಸ್ನೇಹಿತರೊಬ್ಬರು ಕೇಳಿದರು. ಅವರಲ್ಲಿ ಹೆಚ್ಚೆಂದರೆ ನಾಲ್ಕನೇ ಒಂದು ಭಾಗದಷ್ಟು ಜನರನ್ನು ಮಾತ್ರ ಮುಂದೆ ‘ರೆಗ್ಯುಲರ್ ಕೇಡರ್’ಗೆ ಆರಿಸುತ್ತಾರೆ ಎಂಬುದರಿಂದ ಪ್ರಶ್ನೆ ನ್ಯಾಯವಾದದ್ದೇ. ಆದರೆ 1950ರ ಸೇನಾ ಕಾಯ್ದೆಯು ‘ರೆಗ್ಯುಲರ್ ಆರ್ಮಿ’ಯನ್ನು ವಿವರಿಸುವಾಗ ಜೀವಮಾನದ ನೌಕರಿಯನ್ನು ಕೇಳುವುದಿಲ್ಲ, ಒಂದು ಅವಧಿಯವರೆಗೆ ಎಡೆಬಿಡದೆ ಸೇವೆ ಸಲ್ಲಿಸುವ ಹೊಣೆಯನ್ನು ಕೇಳುತ್ತದೆ. ಸೇನೆಯ ಮೀಸಲು ಪಡೆಯವರೂ ಪ್ರಾದೇಶಿಕ ಸೇನೆಯವರೂ (ಟೆರಿಟೋರಿಯಲ್ ಆರ್ಮಿ) ಖಾಯಂ ಸೇವೆಗೆ ಕರೆ ಬಂದಾಗ ಅದರೊಳಗೆ ಸೇರುತ್ತಾರೆ. ಅಂದರೆ ‘ಖಾಯಂ’ ಎಂಬ ವಿಶೇಷಣ ಸಲ್ಲುವುದು ಸೇನೆಗೆ. ಅದರಲ್ಲಿರುವವರ ನೌಕರಿ ಎಷ್ಟು ವರ್ಷದ್ದು ಎಂಬುದು ಬೇರೆ ಲೆಕ್ಕ.