ಬೆಸುಗೆ ಹೊಗೆ ಕುಡಿದ ಪತ್ತಾರರಿಗೆಲ್ಲ ಮೂತ್ರದ ಕ್ಯಾಡ್ಮಿಯಂ ಪರೀಕ್ಷೆ ಬೇಕೇ?

ಪರ: ಕಿಡ್ನಿ ಸೋಲುವ ಮುಂಚೆ ಹಿಡಿಯಬೇಕು

ಪತ್ತಾರರು, ಅಂದರೆ ಅಕ್ಕಸಾಲಿಗರು, ಚಿನ್ನದ ಒಡವೆ ಜೋಡಿಸಲು ಬಳಸುತ್ತಿದ್ದ, ಜನ ಕೆಡಿಎಂ ಎನ್ನುವ ಬೆಸುಗೆಯಲ್ಲಿ ಇದ್ದದ್ದು ಕ್ಯಾಡ್ಮಿಯಂ ಲೋಹ. ಸುಮಾರು 92 ಭಾಗ ಚಿನ್ನಕ್ಕೆ 8 ಭಾಗ. ಈ ಲೋಹ 321 ಡಿಗ್ರಿ ಸೆಲ್ಸಿಯಸ್‌ಗೆ ಕರಗಿ 767ಕ್ಕೆ ಕುದಿಯುತ್ತದೆ. ಊದುಕೊಳವೆಯ ಉರಿ ತಗುಲಿದರೆ ಹೊಗೆಯಾಗಿ ಏಳುತ್ತದೆ, ಬಗ್ಗಿ ಕೂತವರ ಮೂಗಿಗೇ ಹೋಗುತ್ತದೆ. ಈ ಬೆಸುಗೆಗೆ ನಿಷೇಧ ಬಿದ್ದಿದೆ ನಿಜ. ಆದರೆ ಕಿಡ್ನಿ ಸೇರಿದ ಕ್ಯಾಡ್ಮಿಯಂ ಅರ್ಧಕ್ಕಿಳಿಯಲು 10ರಿಂದ 30 ವರ್ಷ ಬೇಕು. ರಾಯಚೂರು, ಗಂಗಾವತಿ, ಸಿಂಧನೂರಿನಲ್ಲಿ ಹಿಂದೆ ಈ ಹೊಗೆ ಕುಡಿದವರು ಯಾರಿದ್ದರೂ ಅವರ ಮೈಯಿಂದ ಅದು ಇನ್ನೂ ಪೂರ್ತಿ ಹೋಗಿಲ್ಲ.

ಮಾಮೂಲಿ ತಪಾಸಣೆಗೆ ಇದು ಸಿಗುವುದಿಲ್ಲ. ಮೂತ್ರಕ್ಕೆ ಅದ್ದುವ ಕಡ್ಡಿ ಮುಖ್ಯವಾಗಿ ಆಲ್ಬುಮಿನ್ ಎಂಬ ದೊಡ್ಡ ಪ್ರೋಟೀನು ತೋರಿಸುತ್ತದೆ. ಕ್ಯಾಡ್ಮಿಯಂ ಮೊದಲು ಕೆಡಿಸುವುದು ಕಿಡ್ನಿಯ ನಳಿಕೆಗಳನ್ನು. ಆಗ ಸೋರುವುದು ಬೀಟಾ-2 ಮೈಕ್ರೊಗ್ಲಾಬ್ಯುಲಿನ್‌ನಂಥ ಸಣ್ಣ ಪ್ರೋಟೀನು. ಕಿಡ್ನಿ ಹೊರಹಾಕುವ ಕಸವಾದ ಕ್ರಿಯಾಟಿನಿನ್ ರಕ್ತದಲ್ಲಿ ಏರುವುದು ಬಹಳ ತಡವಾಗಿ, ಅಷ್ಟರಲ್ಲಿ ಸಕ್ಕರೆ ಕಾಯಿಲೆಯ ಮೇಲೆ ದೂರು ಹಾಕಿ ಆಗಿರುತ್ತದೆ. ಮೂಳೆ ನೋವೆಂದರೆ ನಮ್ಮ ಕಡೆ ಫ್ಲೋರೈಡ್ ನೀರೇ ಮೊದಲು ನೆನಪಾಗುವುದು. ಎಕ್ಸ್-ರೇ ನೋಡಿ: ಫ್ಲೋರೈಡ್‌ನಲ್ಲಿ ಬೆನ್ನುಮೂಳೆ ಸಾಮಾನ್ಯವಾಗಿ ದಟ್ಟವಾಗಿ ಬೆಳ್ಳಗೆ ಕಾಣುತ್ತದೆ, ಕ್ಯಾಡ್ಮಿಯಂನಲ್ಲಿ ಮೂಳೆ ಮೆತ್ತಗಾಗಿ ಬಿರುಕು ಬಿಡುತ್ತದೆ. ಜಪಾನಿನ ಜಿಂಜೂ ನದಿಯ ಬಯಲಿನಲ್ಲಿ ಹೀಗೆ ನರಳಿದವರಲ್ಲಿ ಹೆಚ್ಚಿನವರು ಮುಟ್ಟು ನಿಂತ ಹೆಂಗಸರು. ಗಣಿಯ ಕ್ಯಾಡ್ಮಿಯಂ ಕಾರಣವೆಂದು ಅಲ್ಲಿನ ಸರ್ಕಾರ ಒಪ್ಪಿದ್ದು 1968ರಲ್ಲಿ.

ಮಾದರಿ ತೆಗೆಯುವ ಕ್ರಮ ತಪ್ಪಿದರೆ ಪರೀಕ್ಷೆ ವ್ಯರ್ಥ. ಕೆಲಸದ ಬಟ್ಟೆ ಬಿಚ್ಚಿಸಿ, ಕೈ ತೊಳೆಸಿ, ಲೋಹದ ಅಂಶವಿಲ್ಲದ ಪ್ಲಾಸ್ಟಿಕ್ ಡಬ್ಬಿ ಕೊಡಿ. ಬೀಟಾ-2ಕ್ಕೆ ಮೊದಲು ಮೂತ್ರ ಮಾಡಿಸಿ, ದೊಡ್ಡ ಲೋಟ ನೀರು ಕುಡಿಸಿ, ಒಂದು ಗಂಟೆಯೊಳಗೆ ಮತ್ತೆ ತೆಗೆದುಕೊಳ್ಳಿ. ಆಮ್ಲೀಯ ಮೂತ್ರದಲ್ಲಿ ಆ ಪ್ರೋಟೀನು ಒಡೆಯುವುದರಿಂದ ಪಿಎಚ್ (ಆಮ್ಲೀಯತೆಯ ಅಳತೆ; ಕಡಿಮೆಯಾದಷ್ಟೂ ಆಮ್ಲ ಹೆಚ್ಚು) 6ಕ್ಕಿಂತ ಮೇಲಿರಲಿ. ಅಮೆರಿಕದ ಕಾರ್ಮಿಕ ನಿಯಮದ ಗಡಿಗಳು ಸಾಕು: ಮೂತ್ರದಲ್ಲಿ ಪ್ರತಿ ಗ್ರಾಂ ಕ್ರಿಯಾಟಿನಿನ್‌ಗೆ ಕ್ಯಾಡ್ಮಿಯಂ 3 ಮೈಕ್ರೊಗ್ರಾಂ, ಬೀಟಾ-2 300 ಮೈಕ್ರೊಗ್ರಾಂ, ಲೀಟರ್ ರಕ್ತದಲ್ಲಿ ಕ್ಯಾಡ್ಮಿಯಂ 5 ಮೈಕ್ರೊಗ್ರಾಂ. ದಾಟಿದವರನ್ನು ಹೊಗೆಯಿಂದ ಎಬ್ಬಿಸಿ. ಬೀಡಿ ಬಿಡಿಸಿ, ಹೊಗೆಸೊಪ್ಪಿನಲ್ಲೂ ಕ್ಯಾಡ್ಮಿಯಂ ಇದೆ. ಕಬ್ಬಿಣಾಂಶ ಕಡಿಮೆಯಿದ್ದರೆ ತುಂಬಿಸಿ, ಇಲ್ಲವಾದರೆ ಕರುಳು ಇನ್ನಷ್ಟು ಹೀರುತ್ತದೆ. ಕಿಡ್ನಿಗೆ ಪೆಟ್ಟು ಕೊಡುವ ನೋವಿನ ಮಾತ್ರೆ ಬೇಡ. ಮೂಳೆ ಮೆತ್ತಗಾಗಿದ್ದರೆ ವಿಟಮಿನ್ ಡಿ, ಕ್ಯಾಲ್ಸಿಯಂ ಕೊಡಿ. ನಳಿಕೆಗಳ ಹಾನಿ ಇನ್ನೂ ಅಲ್ಪವಿರುವಾಗ ಹೊಗೆ ನಿಂತರೆ ಸುಧಾರಿಸಬಹುದು, ಮಿತಿ ಮೀರಿದ ಮೇಲೆ ಕೆಲಸ ಬಿಟ್ಟರೂ ಅದು ಮುಂದುವರಿಯುತ್ತದೆ.

ವಿರೋಧ: ಮೊದಲು ಹೊಗೆ, ಆಮೇಲೆ ಮೂತ್ರ

ಪರೀಕ್ಷೆ ಕೆಟ್ಟದ್ದಲ್ಲ. ಎಲ್ಲರಿಗೂ ಎನ್ನುವುದು ತಪ್ಪು.

ಬಳ್ಳಾರಿಯ ಬೇಸಿಗೆಯಲ್ಲಿ ಕುಲುಮೆ ಮುಂದೆ ಕೂತವರ ಮೂತ್ರ ಗಟ್ಟಿಯಾಗಿರುತ್ತದೆ. ಲೀಟರಿಗೆ 3 ಗ್ರಾಂ ದಾಟಿದ ಅಥವಾ 0.3 ಗ್ರಾಂಗಿಂತ ಕಡಿಮೆ ಕ್ರಿಯಾಟಿನಿನ್ ಇರುವ ಮಾದರಿ ಲೆಕ್ಕಕ್ಕೆ ಬಾರದು, ಮತ್ತೆ ಕರೆಸಬೇಕು. ದಿನಗೂಲಿಯವನು ಎರಡನೇ ಸಲ ಬರುವುದು ಕಷ್ಟ. ಬೀಟಾ-2 ಏರುವುದಕ್ಕೆ ಕ್ಯಾಡ್ಮಿಯಂ ಒಂದೇ ಕಾರಣವೂ ಅಲ್ಲ. ಜೆಂಟಾಮೈಸಿನ್ ಎಂಬ ಆಂಟಿಬಯೋಟಿಕ್ ಇಂಜೆಕ್ಷನ್ ಕೂಡ ನಳಿಕೆ ಕೆಡಿಸಬಹುದು.

ಇದಕ್ಕಿಂತ ಭಯದ ವಿಷಯ ಚಿಲೇಷನ್, ಅಂದರೆ ಲೋಹಕ್ಕೆ ಅಂಟಿ ಅದನ್ನು ಮೈಯಿಂದ ಹೊರಗೆಳೆಯುವ ಔಷಧ ಕೊಡುವುದು. ಅಂಕಿ ಹೆಚ್ಚು ಬಂದ ಚೀಟಿ ಕೈಗೆ ಸಿಕ್ಕರೆ ಮನುಷ್ಯ 'ವಿಷ ತೆಗೆಸಲು' ಓಡುತ್ತಾನೆ. ಹಳೆಯ ಕ್ಯಾಡ್ಮಿಯಂ ಜೀವಕೋಶದೊಳಗೆ ಮೆಟಲೊಥಯೋನೀನ್ ಎಂಬ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ, ಔಷಧ ಅಲ್ಲಿಗೆ ಮುಟ್ಟುವುದಿಲ್ಲ. ಇಂಥ ಔಷಧಗಳಲ್ಲಿ ಬಿಎಎಲ್ ಇಂಜೆಕ್ಷನ್ ಕೊಡಲೇಬಾರದು: ಕ್ಯಾಡ್ಮಿಯಂ ಜೊತೆ ಕೂಡಿ ಕಿಡ್ನಿಗೆ ಇನ್ನಷ್ಟು ವಿಷವಾಗುತ್ತದೆ. ಇನ್ನೊಂದು ಔಷಧ ಇಡಿಟಿಎ ಸಹ ಮೊದಲೇ ಸೋತ ಕಿಡ್ನಿಗೆ ಹೊರೆ. ದೀರ್ಘಕಾಲದ ವಿಷಕ್ಕೆ ಚಿಲೇಷನ್‌ನಿಂದ ಲಾಭವೆಂದು ಸಾಬೀತಾಗಿಲ್ಲ.

ದುಡ್ಡು ಕಡಿಮೆಯಿದ್ದರೆ ಅಂಗಡಿಗೆ ಹಾಕಿ. ಕ್ಯಾಡ್ಮಿಯಂ ಇಲ್ಲದ ಬೆಸುಗೆ ಕೊಡಿಸಿ. ಉರಿಯ ಪಕ್ಕದಲ್ಲೇ ಹೊಗೆ ಎಳೆದು ಹೊರಗೆ ಬಿಡುವ ಫ್ಯಾನ್ ಕೂರಿಸಿ. ತಲೆ ಮೇಲಿನ ಫ್ಯಾನ್ ಹೊಗೆಯನ್ನು ಕೋಣೆ ತುಂಬ ಹರಡುತ್ತದಷ್ಟೆ. ಬಾಯಿಗೆ ಕಟ್ಟಿದ ಟವೆಲ್ ಈ ಹೊಗೆ ತಡೆಯದು. ನೆಲ ಒಣದಾಗಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಮನೆಯಲ್ಲೇ ಕುಲುಮೆಯಿದ್ದರೆ ಮಕ್ಕಳನ್ನು ಬೇರೆ ಕೋಣೆಯಲ್ಲಿ ಮಲಗಿಸಿ.

ಇನ್ನು, ಪ್ರಾಣ ತೆಗೆಯುವ ಹೊಡೆತವನ್ನು ವಾರ್ಷಿಕ ಮೂತ್ರ ಪರೀಕ್ಷೆ ಹಿಡಿಯುವುದೇ ಇಲ್ಲ. ಮುಚ್ಚಿದ ಕೋಣೆಯಲ್ಲಿ ಒಂದೇ ದಿನ ದಟ್ಟ ಹೊಗೆ ಕುಡಿದವನು ಸಂಜೆಯವರೆಗೆ ಚೆನ್ನಾಗಿಯೇ ಇರುತ್ತಾನೆ. ಹಲವು ಗಂಟೆ ಕಳೆದ ಮೇಲೆ ಚಳಿಜ್ವರ, ಒಣಕೆಮ್ಮು, ಎದೆಬಿಗಿತ. ಸತುವಿನ ಹೊಗೆಜ್ವರವೂ ಹೀಗೇ ಶುರುವಾಗುತ್ತದೆ, ಆದರೆ ಅದು ಒಂದೆರಡು ದಿನದಲ್ಲಿ ಇಳಿಯುತ್ತದೆ. ಕ್ಯಾಡ್ಮಿಯಂ ಹೊಗೆಯಲ್ಲಿ ಶ್ವಾಸಕೋಶಕ್ಕೆ ನೀರು ತುಂಬುತ್ತದೆ. ಮಲೇರಿಯಾ, ಡೆಂಗಿ ಪರೀಕ್ಷೆ ಬರೆಯುವಾಗಲೇ 'ನಿನ್ನೆ ಏನು ಕಾಯಿಸಿದಿ?' ಎಂದು ಕೇಳಬೇಕು. ಹೊಗೆಯ ಮಾತು ಬಂದರೆ ಮೊದಲ ಎಕ್ಸ್-ರೇ ಚೆನ್ನಾಗಿದ್ದರೂ ಮನೆಗೆ ಕಳಿಸದೆ ದಾಖಲು ಮಾಡಿಕೊಳ್ಳಿ, ಆಮ್ಲಜನಕದ ಮಟ್ಟ ನೋಡುತ್ತಿರಿ, ವೆಂಟಿಲೇಟರ್ ಇರುವ ಆಸ್ಪತ್ರೆಗೆ ಆಗಲೇ ಫೋನ್ ಮಾಡಿಡಿ.