ಹೊಳೆಗೆ ಸೋಪು ಬೇಡ, ‘ನ್ಯಾಚುರಲ್’ ಆದರೂ ಬೇಡ

ಭಾನುವಾರ ಬೆಳಿಗ್ಗೆ ತೀರ್ಥಹಳ್ಳಿ ಹತ್ತಿರ ತುಂಗೆಯ ದಡದಲ್ಲಿ ಕೂತಿದ್ದೆ. ಊರಿಗೆ ಬಂದಾಗಲೆಲ್ಲ ಅಲ್ಲಿ ಒಂದು ಗಂಟೆ ಕೂರದಿದ್ದರೆ ನನಗೆ ಊರಿಗೆ ಬಂದ ಹಾಗೇ ಆಗುವುದಿಲ್ಲ.

ಒಂದು ಟಿಟಿ ಗಾಡಿ ಬಂದು ನಿಂತಿತು. ಹತ್ತು ಹನ್ನೆರಡು ಜನ ಇಳಿದು ಸೀದಾ ನೀರಿಗೆ ಹೋದರು. ಹತ್ತೇ ನಿಮಿಷ. ಬಂಡೆಗಳ ಸಂದಿಯಲ್ಲೆಲ್ಲ ಬಿಳಿ ನೊರೆ. ಹರಿದ ಶಾಂಪೂ ಸ್ಯಾಷೆಗಳು ನನ್ನ ಕಾಲ ಹತ್ತಿರವೇ ತೇಲಿಕೊಂಡು ಹೋದವು. ಸುಮ್ನೆ ಇರಲು ಆಗಲಿಲ್ಲ. ಸೊಂಟದ ಮಟ್ಟ ನೀರಲ್ಲಿ ನಿಂತು ಸೋಪು ಉಜ್ಜುತ್ತಿದ್ದವರಿಗೆ ಹೇಳಿದೆ, “ಅಕ್ಕಾ, ಹೊಳೆಯೊಳಗೆ ಸೋಪು ಹಾಕಬೇಡಿ.”

ಅವರು ಸಿಟ್ಟಾಗಲಿಲ್ಲ. ನಗುತ್ತಲೇ ಸೋಪು ತೋರಿಸಿದರು. “ಇದು ಆರ್ಗ್ಯಾನಿಕ್ ಕಣ್ರೀ. ಬೇವು, ಲೋಳೆಸರ ಹಾಕಿ ಮಾಡಿದ್ದು. ಏನೂ ಆಗಲ್ಲ.”

ಆ ಮಾತು ಮೂರು ದಿನದಿಂದ ತಲೆಯಿಂದ ಹೋಗುತ್ತಿಲ್ಲ. ಆ ಅಕ್ಕ ಕೆಟ್ಟವರಲ್ಲ. ಜಾಸ್ತಿ ದುಡ್ಡು ಕೊಟ್ಟು, ಒಳ್ಳೆಯದಿರಲಿ ಅಂತ ಆರಿಸಿ ತಂದ ಸೋಪು ಅದು. ಆದರೆ ಸೋಪಿನ ಮೇಲೆ ಎಲೆಯ ಚಿತ್ರ ಇದ್ದರೆ ಅದನ್ನು ಹೊಳೆಗೆ ಬಿಡಬಹುದು ಅಂತ ಅವರಿಗೆ ಹೇಳಿದ್ದು ಯಾರು?

ಸೋಪು ಆಗುವುದೇ ಎಣ್ಣೆಗೆ ಕಾಸ್ಟಿಕ್ ಸೋಡಾ ಸೇರಿದಾಗ. ಮನೆಯಲ್ಲಿ ಕೊಬ್ಬರಿ ಎಣ್ಣೆಯಿಂದ ಮಾಡಿದರೂ ಅಷ್ಟೇ, ಫ್ಯಾಕ್ಟರಿಯಲ್ಲಿ ಮಾಡಿದರೂ ಅಷ್ಟೇ. ಸರಿಯಾಗಿ ಮಾಡಿದ ಸೋಪಿನಲ್ಲಿ ಆ ಸೋಡಾ ಉಳಿಯುವುದಿಲ್ಲ. ಹೆದರುವಂಥದ್ದೇನೂ ಇಲ್ಲ. ಆದರೆ ‘ಕೆಮಿಕಲ್ ಇಲ್ಲದ ಸೋಪು’ ಅನ್ನುವುದು ಸುಳ್ಳು. ಸೋಪು ಜಿಡ್ಡು ಬಿಡಿಸುತ್ತದೆ, ಅದರ ಕೆಲಸವೇ ಅದು. ನಮ್ಮ ಮೈಯ ಜಿಡ್ಡು ಬಿಡಿಸುವ ಹಾಗೆಯೇ ಮೀನಿನ ಕಿವಿರಿನ ಮೇಲಿರುವ ಲೋಳೆಯನ್ನೂ ತೆಗೆಯುತ್ತದೆ. ಬೇವು ಹಾಕಿದ್ದಾರೆ ಅಂತ ಮೀನಿಗೆ ಬೇರೆ ಲೆಕ್ಕ ಇಲ್ಲ.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ಪಿಯುಸಿ ರಜೆಯಲ್ಲಿ ನಾನೂ ಇದೇ ತಪ್ಪು ಮಾಡಿದ್ದೆ. ಅಂಟುವಾಳಕಾಯಿ ನೆನೆಹಾಕಿ, ಆ ನೀರನ್ನು ಚೊಂಬಿನಲ್ಲಿ ತಗೊಂಡು ಮನೆ ಹಿಂದಿನ ಹಳ್ಳಕ್ಕೆ ತಲೆ ತೊಳೆಯಲು ಹೋದೆ. ಬೇಸಿಗೆ. ಹಳ್ಳ ಹರಿಯುವುದು ನಿಂತು ಅಲ್ಲಲ್ಲಿ ಗುಂಡಿ ಉಳಿದಿತ್ತು. ನೊರೆಯನ್ನೆಲ್ಲ ಆ ಗುಂಡಿಗೇ ಬಿಟ್ಟೆ. ಸ್ವಲ್ಪ ಹೊತ್ತಿಗೆ ಸಣ್ಣ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ಆಮೇಲೆ ಕೆಲವು ಹೊಟ್ಟೆ ಮೇಲಾಗಿ ತೇಲಿದವು.

ಅಜ್ಜ ತೋಟದಿಂದ ಬರುತ್ತಾ ನೋಡಿದರು. ಬೈಯಲಿಲ್ಲ. “ಕಾರೆಕಾಯಿ ಜಜ್ಜಿ ಗುಂಡಿಗೆ ಹಾಕಿ ಮೀನು ಹಿಡಿತಿದ್ರು ಕೂಸೇ. ಇದೂ ಅದೇ ಜಾತಿ” ಅಂದರು. ಕಾರೆಕಾಯಿ, ಅಂಟುವಾಳ ಎರಡರಲ್ಲೂ ಸಪೋನಿನ್ ಅನ್ನುವ ನೊರೆಯ ಅಂಶ ಇದೆ. ನೊರೆ ಬರುವುದು ಅದರಿಂದ, ಮೀನಿಗೆ ಅಮಲೇರುವುದೂ ಅದರಿಂದ. ಅಂಟುವಾಳಕ್ಕಿಂತ ‘ನ್ಯಾಚುರಲ್’ ಯಾವುದಿದೆ ಹೇಳಿ? ಆ ಮೀನುಗಳ ನೆನಪಾದರೆ ನನಗೆ ಈಗಲೂ ಸಂಕಟವಾಗುತ್ತದೆ.

ಅದಕ್ಕೇ ಹೇಳುವುದು. ಸೋಪಿನಲ್ಲಿ ಏನಿದೆ ಅಂತ ಕೇಳುವುದರ ಜೊತೆಗೆ, ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಅಂತಲೂ ಕೇಳಬೇಕು. ನಮ್ಮಜ್ಜಿ ಅದೇ ಅಂಟುವಾಳ, ಅದೇ ಸೀಗೆಪುಡಿ ಬಳಸಿದರು. ಆದರೆ ಬಚ್ಚಲಲ್ಲಿ. ಬಚ್ಚಲ ನೀರು ಹೋಗುತ್ತಿದ್ದುದು ಬಾಳೆ ಬುಡಕ್ಕೆ, ಕೆಸುವಿನ ಗಿಡಕ್ಕೆ. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಅರಗಿಸಿಕೊಳ್ಳುತ್ತವೆ. ಹರಿಯುವ ನೀರಿಗೆ ಆ ಪುರಸೊತ್ತು ಇಲ್ಲ. ಕಾಡಿಗೆ ಚಾರಣ ಹೋಗುವವರಿಗೂ ಇದೇ ನಿಯಮ ಹೇಳಿಕೊಡುತ್ತಾರೆ: ಹೊಳೆ, ಕೆರೆಯಿಂದ 200 ಅಡಿ ದೂರಕ್ಕೆ ನೀರು ತಗೊಂಡು ಹೋಗಿ ತೊಳೆಯಿರಿ, ಆ ನೀರನ್ನು ಮಣ್ಣಿಗೇ ಚೆಲ್ಲಿ. ಬೇಗ ಕೊಳೆಯುತ್ತದೆ ಅಂತ ಬರೆದ ಸೋಪಿಗೂ ಇದೇ ನಿಯಮ.

ಒಬ್ಬ ಗೆಳೆಯನಿಗೆ ಇದನ್ನು ಹೇಳಿದರೆ, “ಊರೂರಿನ ಚರಂಡಿ ನೀರೇ ಹೊಳೆಗೆ ಬರುತ್ತೆ, ನಿನ್ನ ಒಂದು ಸೋಪಿನಿಂದ ಏನಾಗುತ್ತೆ ಮಾರಾಯ್ತಿ” ಅಂದ. ಚರಂಡಿ ನೀರು ಬರುವುದು ನಿಜ. ಅದನ್ನು ಶುದ್ಧ ಮಾಡದೆ ಬಿಡುವುದು ದೊಡ್ಡ ತಪ್ಪು. ಆದರೆ ಒಂದು ತಪ್ಪು ಇನ್ನೊಂದಕ್ಕೆ ಪರವಾನಗಿ ಆಗುವುದು ಹೇಗೆ? ಹಬ್ಬದ ದಿನ ಸಾವಿರಾರು ಜನ ಒಂದೇ ಸ್ನಾನಘಟ್ಟದಲ್ಲಿ ಇಳಿದಾಗ ಅದು ಒಂದು ಸೋಪಾಗಿ ಉಳಿಯುವುದಿಲ್ಲ. 2025ರ ಮಾರ್ಚ್‌ನಲ್ಲಿ ಅರಣ್ಯ, ಪರಿಸರ ಸಚಿವ ಈಶ್ವರ ಖಂಡ್ರೆ ಅವರು ತೀರ್ಥಕ್ಷೇತ್ರಗಳ ನದಿ ದಡದಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರುವುದನ್ನು ನಿಲ್ಲಿಸಿ ಅಂತ ಅಧಿಕಾರಿಗಳಿಗೆ ಸೂಚಿಸಿದ್ದರು. ನನಗೆ ತುಂಬಾ ಖುಷಿಯಾಗಿತ್ತು. ಆದರೆ ಬೆಂಗಳೂರಿನಿಂದಲೇ ಬ್ಯಾಗಿನಲ್ಲಿ ಸೋಪು ತರುವವರನ್ನು ಯಾವ ಆದೇಶ ತಡೆಯುತ್ತದೆ? ನಾವೇ ತಡೆಯಬೇಕು, ಅಲ್ವಾ?

ಬೆಂಗಳೂರು ಅಂದ ಮೇಲೆ ಬೆಳ್ಳಂದೂರು ಕೆರೆ ನೆನಪಾಗುತ್ತದೆ. 2015ರ ಸುಮಾರಿಗೆ ಅಲ್ಲಿನ ನೊರೆ ಹಾರಿ ರಸ್ತೆಗೆ ಬರುತ್ತಿತ್ತು. ಆ ನೊರೆಯಲ್ಲಿ ನಮ್ಮ ಬಟ್ಟೆ ತೊಳೆದ ಪುಡಿ, ಪಾತ್ರೆ ತೊಳೆದ ಲಿಕ್ವಿಡ್ ಎಲ್ಲ ಇತ್ತು. ಪೇಟೆಯಲ್ಲಿ ಬಚ್ಚಲ ನೀರಿಗೆ ಬಾಳೆ ಬುಡ ಇಲ್ಲ. ಹಾಗಾಗಿ ಅಲ್ಲಿ ಸೋಪು ಕೊಳ್ಳುವಾಗ ಇನ್ನೂ ಜಾಸ್ತಿ ಯೋಚಿಸಬೇಕು.

ಸೋಪು ಕೊಳ್ಳುವಾಗ ನಾನು ಏನು ನೋಡುತ್ತೇನೆ ಅಂತ ಕೇಳಿದವರಿಗೆ: ಪೊಟ್ಟಣದ ಮುಂದಿನ ಚಿತ್ರ ಬಿಟ್ಟು ಹಿಂದಿನ ಸಣ್ಣ ಅಕ್ಷರ ಓದುತ್ತೇನೆ. ‘ಟಾಯ್ಲೆಟ್ ಸೋಪ್’ ಅಂತ ಇದೆಯೋ ‘ಬೇಥಿಂಗ್ ಬಾರ್’ ಅಂತ ಇದೆಯೋ ನೋಡಿ. ಟಿಎಫ್‌ಎಂ ಅಂದರೆ ಸೋಪಿನಲ್ಲಿರುವ ಎಣ್ಣೆ, ಕೊಬ್ಬಿನ ಅಂಶ. ಅದು ಜಾಸ್ತಿ ಇದ್ದಷ್ಟೂ ನಿಜವಾದ ಸೋಪಿನ ಪಾಲು ಜಾಸ್ತಿ. ಒಂದನೇ ದರ್ಜೆಯ ಟಾಯ್ಲೆಟ್ ಸೋಪಿನಲ್ಲಿ ಅದು 76%ಕ್ಕಿಂತ ಕಡಿಮೆ ಇರಬಾರದು. ಬೇಥಿಂಗ್ ಬಾರ್‌ಗೆ 40% ಇದ್ದರೂ ಸಾಕು. ‘ಸೋಡಿಯಂ ಪಾಮೇಟ್’ ಅಂದರೆ ತಾಳೆ ಎಣ್ಣೆ. ಇಂಡೋನೇಷ್ಯಾ, ಮಲೇಷ್ಯಾದಲ್ಲಿ ಅದಕ್ಕಾಗಿ ಕಾಡು ಕಡಿದಿದ್ದಾರೆ. ‘ಸೋಡಿಯಂ ಕೋಕೋಯೇಟ್’ ನಮ್ಮ ತೆಂಗಿನೆಣ್ಣೆ. ಬ್ಯಾಕ್ಟೀರಿಯಾ ಕೊಲ್ಲುವ ಟ್ರೈಕ್ಲೋಸಾನ್ ಹಾಕಿದ್ದು ನನಗೆ ಬೇಡ. ಸಾದಾ ಸೋಪಿಗಿಂತ ಅದು ಹೆಚ್ಚು ಕೆಲಸ ಮಾಡುತ್ತದೆ ಅಂತ ಕಂಪನಿಗಳು ತೋರಿಸಿಕೊಡಲಿಲ್ಲ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲೇ ಅದಿರುವ ಸೋಪುಗಳನ್ನು ಬೇಡ ಅಂದಿತು.

ಇನ್ನು ನೂರಿನ್ನೂರು ರೂಪಾಯಿಯ ಸೋಪು ಎಲ್ಲರಿಗೂ ಆಗುವುದಿಲ್ಲ. ಆಗಬೇಕಾಗಿಯೂ ಇಲ್ಲ. ಕಡಲೆಹಿಟ್ಟು ಇದೆ, ಹೆಸರುಹಿಟ್ಟು ಇದೆ. ಊರಿಗೆ ಹೊರಟರೆ ಒಂದು ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಹಿಟ್ಟು, ಇನ್ನೊಂದರಲ್ಲಿ ಅರ್ಧ ತುಂಡು ಸೋಪು ಹಾಕಿಕೊಳ್ಳುತ್ತೇನೆ. ಬಾಟಲಿ ಇಲ್ಲ, ಸ್ಯಾಷೆ ಇಲ್ಲ. ಕಾರಿನ ಡಿಕ್ಕಿಯಲ್ಲಿ ಒಂದು ಬಕೆಟ್ಟು, ಚೊಂಬು ಯಾವಾಗಲೂ ಇರುತ್ತದೆ.

ಭಾನುವಾರ ಆ ಅಕ್ಕನಿಗೆ ಕೊಟ್ಟದ್ದೂ ಅದೇ ಬಕೆಟ್ಟು. ಮೊದಲು ಅನುಮಾನಿಸಿದರು. ಅಂಟುವಾಳದ ಕತೆ ಹೇಳಿದ ಮೇಲೆ ನೀರು ತುಂಬಿಕೊಂಡು ದಡ ಹತ್ತಿ, ಮರದ ಬುಡದಲ್ಲಿ ಕೂತು ಮಗನ ಕೈಕಾಲು ತೊಳೆದರು. ಹೊರಡುವಾಗ ಆ ಹುಡುಗ ಕೈಗೆ ಸಿಕ್ಕಿದ ನಾಲ್ಕು ಸ್ಯಾಷೆ ತಂದು ನನ್ನ ಕೈಲಿಟ್ಟ.

ಈ ವರ್ಷ ನಮ್ಮ ಮರದಲ್ಲಿ ಅಂಟುವಾಳ ಚೆನ್ನಾಗಿ ಆಗಿದೆ. ಅಟ್ಟದ ಮೇಲೆ ಎರಡು ಚೀಲ ಒಣಗಿದ್ದು ಇದೆ. ಬೇಕಾದವರು ಇನ್‌ಬಾಕ್ಸಿಗೆ ಬನ್ನಿ, ದುಡ್ಡು ಬೇಡ. ಹೊಳೆಯಲ್ಲಿ ನಿಂತು ಬಳಸುವುದಿಲ್ಲ ಅಂತ ಮಾತು ಕೊಟ್ಟವರಿಗೆ ಮಾತ್ರ ಕೊಡುತ್ತೇನೆ.