ಪುಟ್ಟಿಯ ಕೆಳಗಿನ ಹೆರಾಲ್ಡ್

ಸ್ಕ್ರೂಡ್ರೈವರ್ ಸಲೀಸಾಗಿ ಒಳಗೆ ಹೋಯಿತು. ನಾನೇನೂ ಜೋರಾಗಿ ಚುಚ್ಚಿರಲಿಲ್ಲ. ನಮ್ಮ ಹಳೇ ಕಾರಿನ ಬಾಗಿಲ ಕೆಳಗಿನ ಪಟ್ಟಿಗೆ ಅದರ ಹಿಡಿಯಿಂದ ಮೆಲ್ಲಗೆ ಕುಟ್ಟುತ್ತಾ ಬಂದೆ. ಟಣ್ ಟಣ್ ಅನ್ನುತ್ತಿದ್ದದ್ದು ಒಂದು ಕಡೆ ದಪ್ ಅಂದಿತು. ಅಲ್ಲಿ ತುದಿ ಇಟ್ಟು ಒತ್ತಿದೆ, ಅಷ್ಟೇ. ಹೊಸ ಕ್ರೀಮ್ ಬಣ್ಣ, ಅದರ ಕೆಳಗೆ ಬೆರಳು ದಪ್ಪ ಪುಟ್ಟಿ, ಪುಟ್ಟಿಗೆ ಆಸರೆಯಾಗಿ ತುರುಕಿದ್ದ ಹಳೇ ಪೇಪರ್, ಆಮೇಲೆ ಫಿಲ್ಟರ್ ಕಾಫಿಯ ಚರಟದಂಥ ತುಕ್ಕು. ಕಬ್ಬಿಣ ಅನ್ನೋದು ಎಲ್ಲೂ ಸಿಗಲಿಲ್ಲ.

ಚಿಕ್ಕಪ್ಪ ಹಿಂದೆಯೇ ನಿಂತಿದ್ದರು. "ಹೋದ ವರ್ಷ ತಾನೇ ಪೂರ್ತಿ ಮಾಡಿಸಿದ್ದೀನಲ್ಲೋ" ಎಂದರು. ಅವರ ಮುಖ ನೋಡೋಕಾಗಲಿಲ್ಲ.

ಗಾಡಿ ನಮ್ಮ ಅಜ್ಜನದು. 1970ರ ಸ್ಟ್ಯಾಂಡರ್ಡ್ ಹೆರಾಲ್ಡ್, ನಾಲ್ಕು ಬಾಗಿಲಿನದು, ಎಂವೈ ಎಂದು ಶುರುವಾಗುವ ನಂಬರು. ಸೋಮವಾರಪೇಟೆಯಿಂದ ಶಾಂತಳ್ಳಿ ಕಡೆ ಹೋಗುವ ದಾರಿಯಲ್ಲಿ ನಮ್ಮ ತೋಟ. ಅಜ್ಜ ಹೋದ ಮೇಲೆ ಗಾಡಿ ಕಾಫಿ ಗೋದಾಮಿನ ಪಕ್ಕದ ಶೆಡ್ಡು ಸೇರಿತು. ಮೇಲೆ ಗೋಣಿಚೀಲ ಬಿತ್ತು, ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತು, ವೈರಿಂಗು ಇಲಿಗಳ ಪಾಲಾಯಿತು. 2018ರ ಆಗಸ್ಟ್ ಮಳೆಗೆ ಶೆಡ್ಡಿನ ಹಿಂಗೋಡೆ ಕುಸಿದು, ಒಂದು ತಿಂಗಳು ಕೆಸರಿನಲ್ಲೇ ನಿಂತಿತ್ತು. ಆ ವರ್ಷ ಕೊಡಗಿನಲ್ಲಿ ಮನೆಗಳೇ ಹೋಗಿದ್ದವು, ಕಾರಿನ ಚಿಂತೆ ಯಾರಿಗಿತ್ತು?

ನಾನಿರುವುದು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ. ಅಲ್ಲಿಗೆ ಹೋಗಿ ಎಷ್ಟೋ ವರ್ಷದ ಮೇಲೆ ಗೊತ್ತಾಯಿತು, ನಮ್ಮ ಹೆರಾಲ್ಡಿನ ತವರು ಅದೇ ಊರು ಅಂತ. ಊರಿನ ಕ್ಯಾನ್ಲಿ ಕಾರ್ಖಾನೆಯಿಂದ 1959ರಲ್ಲಿ ಟ್ರಯಂಫ್ ಹೆರಾಲ್ಡ್ ಹೊರಬಂತು. ವಿನ್ಯಾಸ ಇಟಲಿಯ ಮಿಕೆಲೊಟ್ಟಿಯದು. 1961ರಿಂದ ಮದರಾಸಿನ ಸ್ಟ್ಯಾಂಡರ್ಡ್ ಕಂಪನಿ ಅದನ್ನೇ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂದು ಮಾಡಿತು. ನಾಲ್ಕು ಬಾಗಿಲಿನದು ಮಾತ್ರ ಮದರಾಸಿನವರದೇ ಸ್ವಂತ, ಕೊವೆಂಟ್ರಿಯಲ್ಲಿ ಅದು ಬರಲೇ ಇಲ್ಲ. ನಮ್ಮ ಬೀದಿಯಲ್ಲಿ ಹೆರಾಲ್ಡ್ ಇಟ್ಟುಕೊಂಡಿರುವ ಒಬ್ಬ ಅಜ್ಜ ಇದ್ದಾರೆ. ಫೋಟೋ ತೋರಿಸುವ ತನಕ ಅವರು ನನ್ನ ಮಾತು ನಂಬಲಿಲ್ಲ.

ಸ್ಕ್ರೂಡ್ರೈವರ್ ಹಿಡಿಯಿಂದ ಕುಟ್ಟಿ ನೋಡುವುದನ್ನು ಕಲಿಸಿದ್ದು ಅವರೇ. ಅವರ ಗ್ಯಾರೇಜು ನಮ್ಮ ದನದ ಕೊಟ್ಟಿಗೆಯ ಅರ್ಧ ಇಲ್ಲ. ಅದರೊಳಗೆ ಒಂಬತ್ತು ವರ್ಷದಿಂದ ಒಬ್ಬರೇ ಒಂದು ಗಾಡಿಯ ಹಿಂದೆ ಬಿದ್ದಿದ್ದಾರೆ. ವೆಲ್ಡಿಂಗ್ ಕಲಿಯಲು ಅರವತ್ತು ದಾಟಿದ ಮೇಲೆ ಸಂಜೆ ಕ್ಲಾಸಿಗೆ ಹೋದರಂತೆ. ಯಾಕೆ ಅಂದರೆ ಉತ್ತರ ಸುಲಭ. ನಾನು ವಿಚಾರಿಸಿದ ಒಂದು ಗ್ಯಾರೇಜಿನಲ್ಲಿ ಗಂಟೆಗೆ 60 ಪೌಂಡ್ ಕೇಳಿದರು. ಪಿಂಚಣಿದಾರ ಎಲ್ಲಿಂದ ತರಬೇಕು? ಆದರೆ ಸಾಮಾನಿಗೆ ಅಲ್ಲಿ ಬರ ಇಲ್ಲ. ಷಾಸಿಯ (ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿನ) ಪಕ್ಕದ ತೋಳು, ಬಾಗಿಲ ಕೆಳಗಿನ ಪಟ್ಟಿ, ನೆಲದ ತಗಡು, ಎಲ್ಲ ಹೊಸದಾಗಿ ಅಚ್ಚು ಹೊಡೆದು ಮಾರುತ್ತಾರೆ. ನಂಬರ್ ಹೇಳಿದರೆ ಪೋಸ್ಟಿನಲ್ಲಿ ಮನೆಗೆ ಬರುತ್ತದೆ.

ಕೊಡಗಿನಲ್ಲಿ ಇದು ಪೂರಾ ಉಲ್ಟಾ. ಸಾಮಾನು ಹುಡುಕಲು ಬೆಂಗಳೂರಿನ ಜೆ.ಸಿ. ರಸ್ತೆ ಅಲೆಯಬೇಕು, ಇಲ್ಲದಿದ್ದರೆ ಚೆನ್ನೈನ ಪುದುಪೇಟೆಗೆ ಹೋಗಬೇಕು. ತಗಡನ್ನು ಬಡಿದು ಬೇಕಾದ ಆಕಾರ ಕೊಡುವ ಕೈ ಮಾತ್ರ ಪಕ್ಕದ ಪೇಟೆಯಲ್ಲೇ ಸಿಗುತ್ತದೆ. ಹಾಗಿದ್ದೂ ನಮ್ಮ ಗಾಡಿಗೆ ಪೇಪರ್ ತುರುಕಿ ಪುಟ್ಟಿ ಮೆತ್ತಿದ್ದರು. ಯಾಕೆ?

"ಮೋಸ" ಎಂದರು ಚಿಕ್ಕಪ್ಪ. ನನಗೆ ಹಾಗನ್ನಿಸಲಿಲ್ಲ. ಅವರು ಪೇಟೆಯ ಒಂದು ಗ್ಯಾರೇಜಿಗೆ ಟಿಂಕರಿಂಗ್, ಪೇಂಟಿಂಗ್ ಎಲ್ಲ ಸೇರಿಸಿ ಗುತ್ತಿಗೆ ಕೊಟ್ಟಿದ್ದರು. ಕೇಳಿದ್ದು 85,000. ಚೌಕಾಸಿ ಮಾಡಿ 60,000ಕ್ಕೆ ಇಳಿಸಿದ್ದರು. ಮೇಲೆ, ಆಯುಧಪೂಜೆಯೊಳಗೆ ಆಗಬೇಕು ಅಂತ ಬೇರೆ. ಲೆಕ್ಕಪತ್ರ ನೋಡೋದೇ ನನ್ನ ಕಸುಬು, ಅದಕ್ಕೇ ಕೂತು ಲೆಕ್ಕ ಹಾಕಿದೆ. ಒಂದು ಬದಿಯ ಪಟ್ಟಿ ಕತ್ತರಿಸಿ, ಹೊಸ ತಗಡು ಮಡಿಚಿ, ವೆಲ್ಡ್ ಮಾಡಿ, ತೀಡಿ ಮುಗಿಸಲು ಇಬ್ಬರಿಗೆ ಮೂರು ದಿನ. ಪುಟ್ಟಿ ಮೆತ್ತಲು ಅರ್ಧ ದಿನ. ಆ ದುಡ್ಡಿನಲ್ಲಿ ಕಬ್ಬಿಣಕ್ಕೆ ಜಾಗವೇ ಇರಲಿಲ್ಲ. ಚಿಕ್ಕಪ್ಪ ಇಳಿಸಿದ 25,000 ಎಲ್ಲಿ ಹೋಯಿತು ಅಂದರೆ, ಬಾಗಿಲ ಕೆಳಗೆ ಪೇಪರ್ ಆಗಿ ಹೋಯಿತು.

ಇದನ್ನು ಹೇಳಿದರೆ ನನ್ನ ಗೆಳೆಯರಿಗೂ ಸಿಟ್ಟು ಬರುತ್ತದೆ. "ಫಾರಿನ್‌ನಲ್ಲಿ ಕೂತು ಬುದ್ಧಿ ಹೇಳ್ತೀಯಾ" ಅನ್ನುತ್ತಾರೆ. ಸರಿ, ಫಾರಿನ್ ಬಿಡಿ, ನಮ್ಮ ತೋಟದ ಲೆಕ್ಕವನ್ನೇ ತೆಗೆದುಕೊಳ್ಳಿ. ಅರೇಬಿಕಾ ಹಣ್ಣು ಕೊಯ್ಲಿಗೆ ಚಿಕ್ಕಪ್ಪ ಯಾವತ್ತೂ ಕೆ.ಜಿ. ಲೆಕ್ಕ ಕೊಡುವುದಿಲ್ಲ, ದಿನಗೂಲಿಯೇ. ಕೆ.ಜಿ. ಲೆಕ್ಕ ಕೊಟ್ಟರೆ ಹಣ್ಣಿನ ಜೊತೆ ಹಸಿರು ಕಾಯನ್ನೂ ಉದುರಿಸಿ, ಗಿಡದ ರೆಕ್ಕೆ (ಪಕ್ಕದ ಕೊಂಬೆ) ಮುರಿದು ಹೋಗುತ್ತಾರೆ ಅಂತ ಅವರಿಗೆ ಗೊತ್ತು. ಅದಕ್ಕೆ ಕೊಯ್ಯುವವರನ್ನು ಅವರು ಬೈಯುವುದೂ ಇಲ್ಲ. ಲೆಕ್ಕ ಹೇಗೋ ಕೊಯ್ಲು ಹಾಗೆ. ಟಿಂಕರ್‌ಗೆ ಮಾತ್ರ ಯಾಕೆ ಕೆ.ಜಿ. ಲೆಕ್ಕ ಕೊಟ್ಟಿರಿ ಎಂದು ಕೇಳಿದೆ. ಚಿಕ್ಕಪ್ಪ ಎಲೆಅಡಿಕೆ ಡಬ್ಬಿ ತೆಗೆದರು. ಅಲ್ಲಿಗೆ ಆ ಮಾತು ಮುಗಿಯಿತು.

ಎರಡನೇ ಸಲ ದಿನಗೂಲಿಗೆ ಕರೆದೆವು. ಕುಶಾಲನಗರ ಕಡೆಯ ವಯಸ್ಸಾದ ಟಿಂಕರ್, ಜೊತೆಗೊಬ್ಬ ಹುಡುಗ. ಅವರಿಗೆ ದಿನಕ್ಕೆ 1,500, ಹುಡುಗನಿಗೆ 900, ಮಧ್ಯಾಹ್ನದ ಊಟ ನಮ್ಮ ಮನೆಯಲ್ಲೇ. ಷರತ್ತು ಒಂದೇ: ಪ್ರೈಮರ್ ಹೊಡೆಯುವ ಮೊದಲು ಬರೀ ತಗಡನ್ನು ನಮಗೆ ತೋರಿಸಬೇಕು.

ಅವರ ಕೆಲಸ ನೋಡುತ್ತಾ ನಾನು ಮೂರು ವಾರ ರಜೆ ಕಳೆದೆ. ಅಳತೆಪಟ್ಟಿ ಹಿಡಿದದ್ದೇ ಅಪರೂಪ. ಮದುವೆ ಮನೆಯ ಸ್ವೀಟ್ ಬಾಕ್ಸಿನ ರಟ್ಟನ್ನು ತೂತಿನ ಮೇಲೆ ಇಟ್ಟು, ಅಂಚಿಗೆ ಹೆಬ್ಬೆರಳು ಎಳೆದು ಗುರುತು ಮೂಡಿಸುತ್ತಿದ್ದರು. ಆ ರಟ್ಟಿನಂತೆ 20 ಗೇಜಿನ ತಗಡು ಕತ್ತರಿಸಿ, ರೈಲುಕಂಬಿಯ ಒಂದು ತುಂಡಿನ ಮೇಲಿಟ್ಟು ಮರದ ಸುತ್ತಿಗೆಯಿಂದ ಬಡಿಯುವುದು. (ಕೊಡಗಿಗೆ ರೈಲೇ ಇಲ್ಲ. ಕಂಬಿ ಎಲ್ಲಿಂದ ಬಂತು ಅಂತ ಕೇಳಿದೆ, ನಕ್ಕರು.) ಗ್ಯಾಸ್ ವೆಲ್ಡಿಂಗಿನ ಬಿಸಿಗೆ ತೆಳು ತಗಡು ಸೊಟ್ಟಗಾಗುತ್ತದೆ. ಅದಕ್ಕೇ ಒಂದೇ ಉಸಿರಿಗೆ ಎಳೆಯದೆ, ಇಲ್ಲೊಂದು ಚುಕ್ಕಿ ಅಲ್ಲೊಂದು ಚುಕ್ಕಿ ಹಾಕುತ್ತಾ, ಪಕ್ಕದಲ್ಲಿ ಒದ್ದೆ ಬಟ್ಟೆ ಒತ್ತುತ್ತಿದ್ದರು. ಅವರ ಪಟ್ಟಿ ಮೊದಲ ಸಲಕ್ಕೇ ಸರಿ ಕೂತಿತು. ಕೊವೆಂಟ್ರಿಯ ಅಜ್ಜ ಪೋಸ್ಟಿನಲ್ಲಿ ತರಿಸಿದ ಪಟ್ಟಿ ಕಾಲು ಇಂಚು ಹೆಚ್ಚಾಗಿ, ಎರಡು ದಿನ ಬೈಯುತ್ತಾ ತೀಡಿದ್ದು ನೆನಪಾಯಿತು. ಈ ಒಂದು ವಿಷಯದಲ್ಲಿ ನಮ್ಮ ಕ್ರಮವೇ ಮೇಲು, ಅನುಮಾನ ಬೇಡ.

ಇನ್ನೊಂದು ಪುಣ್ಯ, ಹೆರಾಲ್ಡಿಗೆ ಷಾಸಿ ಬೇರೆ, ಬಾಡಿ ಬೇರೆ. ಉಳಿದವರೆಲ್ಲ ಒಂದೇ ಎರಕದಂಥ ಬಾಡಿಗೆ ಹೋಗಿದ್ದ ಕಾಲದಲ್ಲಿ, ಹಾಗೆ ಬಾಡಿ ಮಾಡಿಕೊಡುವವರು ಟ್ರಯಂಫ್‌ನವರಿಗೆ ಸಿಗಲಿಲ್ಲ. ಹಾಗಾಗಿ ತುಂಡು ತುಂಡಾಗಿ ಮಾಡಿಸಿ, ಷಾಸಿಯ ಮೇಲೆ ಬೋಲ್ಟ್ ಹಾಕಿ ಕೂರಿಸಿದರು. ಅವರ ಅಂದಿನ ಕಷ್ಟ ನಮಗೆ ಇಂದು ಲಾಭ. ಫಿಯಟ್ ಪದ್ಮಿನಿಯಲ್ಲಿ ಬಾಗಿಲ ಕೆಳಗಿನ ಪಟ್ಟಿ ಕೊಳೆತರೆ ಗಾಡಿಯ ಬೆನ್ನುಮೂಳೆಯೇ ಹೋದಂತೆ. ಹೆರಾಲ್ಡಿನಲ್ಲಿ ಭಾರ ಹೊರುವುದು ಷಾಸಿ. ನಮ್ಮದರಲ್ಲಿ ಪಕ್ಕದ ತೋಳುಗಳು ಹೋಗಿದ್ದವು, ನಡುವಿನ ಉದ್ದದ ಕಂಬಿಗಳು ಗಟ್ಟಿ ಇದ್ದವು.

ಇಂಗ್ಲೆಂಡಿನವರ ಒಂದು ಚಟ ಮಾತ್ರ ನಮಗೆ ಬೇಡ. ಮೊದಲ ದಿನವೇ ಗಾಡಿಯನ್ನು ಕೊನೇ ನಟ್ಟಿನವರೆಗೆ ಬಿಚ್ಚಿ ಡಬ್ಬಿಗಳಿಗೆ ತುಂಬುತ್ತಾರೆ. ಎಷ್ಟೋ ಗಾಡಿಗಳು ಆ ಡಬ್ಬಿಗಳಲ್ಲೇ ಉಳಿದು, ಹಾಗೆಯೇ ಮಾರಾಟಕ್ಕೆ ಬರುತ್ತವೆ. ಶಾಂತಳ್ಳಿ ಮಳೆಯಲ್ಲಿ ಜೂನ್ ಬರುವಾಗ ಗಾಡಿ ಬಿಚ್ಚಿದ ಸ್ಥಿತಿಯಲ್ಲಿದ್ದರೆ ಅದರ ಕಥೆ ಮುಗಿದಂತೆ. ನಾವು ಒಂದು ಮೂಲೆ ಬಿಚ್ಚಿ, ಅದನ್ನು ಮುಗಿಸಿ, ಇನ್ನೊಂದಕ್ಕೆ ಹೋದೆವು. ಗಾಡಿ ಯಾವಾಗಲೂ ನಾಲ್ಕು ಚಕ್ರದ ಮೇಲೆ ತಳ್ಳುವಂತೆ ಇತ್ತು.

ಸಣ್ಣ ಸಾಮಾನುಗಳ ತುಕ್ಕು ತೆಗೆದದ್ದು ವಾಷಿಂಗ್ ಸೋಡಾ ನೀರಿನಲ್ಲಿ. ಪ್ಲಾಸ್ಟಿಕ್ ಡ್ರಮ್ಮು, ಬ್ಯಾಟರಿ ಚಾರ್ಜರ್ ಎರಡೂ ಮನೆಯಲ್ಲೇ ಇದ್ದವು. ತುಕ್ಕು ಹಿಡಿದದ್ದಕ್ಕೆ ಮೈನಸ್, ಗುಜರಿ ಕಬ್ಬಿಣದ ತುಂಡಿಗೆ ಪ್ಲಸ್. ಸ್ಟೀಲ್ ಲೋಟ, ಸೌಟು ಪ್ಲಸ್ಸಿಗೆ ಕಟ್ಟಬೇಡಿ, ಅದರಿಂದ ಕ್ರೋಮಿಯಂ ವಿಷ ನೀರಿಗೆ ಬಿಡುತ್ತದೆ. ಹೈಡ್ರೋಜನ್ ಗುಳ್ಳೆ ಏಳುವುದರಿಂದ ಬಯಲಿನಲ್ಲೇ ಇಡಬೇಕು, ಬೀಡಿ ಸೇದುವವರನ್ನು ದೂರ ಕಳಿಸಬೇಕು. ಪಕ್ಕದ ತೋಟದವರು ಕಾಚಂಪುಳಿ (ಅಡುಗೆಗೆ ಹಾಕುವ ಕೊಡಗಿನ ಕಪ್ಪು ಹುಳಿ) ಹಾಕಿ ನೋಡಿ ಎಂದರು. ಹುಳಿ ತಾನೇ, ತುಕ್ಕು ಬಿಡಬಹುದು. ಆದರೆ ಅದರ ಬಾಟಲಿಯ ರೇಟ್ ಕೇಳಿದ ಮೇಲೆ, ಅದು ಅವರ ಹಂದಿ ಕರಿಗೇ ಇರಲಿ ಎಂದೆ.

ಜಾಸ್ತಿ ಹೆದರಿಸಿದ್ದು ತುಕ್ಕಲ್ಲ, ಗ್ರೀಸು. ಹೆರಾಲ್ಡಿನ ಮುಂದಿನ ಚಕ್ರ ತಿರುಗುವುದು ಒಂದು ಉದ್ದನೆಯ ಕಂಬದ ಮೇಲೆ. ಆ ಕಂಬದ ಕೆಳತುದಿ ಹಿತ್ತಾಳೆ ಬಣ್ಣದ ಒಂದು ಗಟ್ಟಿಯೊಳಗೆ ಸ್ಕ್ರೂನಂತೆ ಕೂತಿರುತ್ತದೆ. ಟ್ರನಿಯನ್ ಅಂತ ಅದರ ಹೆಸರು. ಅದಕ್ಕೆ ಗೇರ್ ಆಯಿಲ್ಲೇ ಹಾಕಬೇಕು, ಗ್ರೀಸ್ ಹಾಕಬಾರದು. ಗ್ರೀಸ್ ಒಣಗಿ ಗಟ್ಟಿಯಾಗಿ ಕೂತರೆ, ನೀರು ಇಳಿದು ಒಳಗೇ ಕಂಬ ತುಕ್ಕು ಹಿಡಿಯುತ್ತದೆ. ಒಂದು ದಿನ ಮೆಲ್ಲಗೆ ತಿರುಗಿಸುವಾಗ ಕಂಬ ಪಟ್ಟಂತ ಮುರಿದು ಚಕ್ರ ಮಡಿಚಿಕೊಳ್ಳುತ್ತದೆ. ನಮ್ಮಲ್ಲಿ ಎಲ್ಲಿ ನಿಪ್ಪಲ್ ಕಂಡರೂ ಗ್ರೀಸ್ ಗನ್ ಇಡೋದು ರೂಢಿ. ಅಜ್ಜನ ಡ್ರೈವರ್ ಅಷ್ಟು ವರ್ಷ ಭಕ್ತಿಯಿಂದ ಗ್ರೀಸ್ ಹೊಡೆದಿದ್ದ. ಬಿಚ್ಚಿ ನೋಡಿದರೆ ಒಂದು ಕಂಬದ ಸ್ಕ್ರೂ ಮರೆಗಳು ಅರ್ಧ ತಿಂದುಹೋಗಿದ್ದವು. ಹೊಸ ಜೋಡಿಯನ್ನು ಕೊವೆಂಟ್ರಿಯಿಂದ ಸೂಟ್‌ಕೇಸಿನಲ್ಲೇ ತಂದೆ. ಬೆಂಗಳೂರಿನ ಏರ್‌ಪೋರ್ಟಿನಲ್ಲಿ ಎಕ್ಸ್‌ರೇ ನೋಡಿದವರು "ಏನ್ರೀ ಇದು?" ಎಂದರು. "ಅಜ್ಜನ ಮಂಡಿ ಸಾರ್" ಎಂದೆ. ಆಮೇಲೆ ನಿಜ ಹೇಳಬೇಕಾಯಿತು.

ಉಳಿದದ್ದು ಬೇಗ ಹೇಳುತ್ತೇನೆ. ಬ್ರೇಕಿನ ಪೈಪು, ರಬ್ಬರು ಎಲ್ಲ ಹೊಸದು, ಅಲ್ಲಿ ಚೌಕಾಸಿ ಇಲ್ಲ. ಬ್ಯಾಟರಿ ಚಾರ್ಜ್ ಮಾಡುವ ಹಳೇ ಡೈನಮೊ ತೆಗೆದು ಮಾರುತಿ 800ರ ಆಲ್ಟರ್ನೇಟರ್ ಹಾಕಿದೆವು. ಕೊವೆಂಟ್ರಿಯ ಅಜ್ಜ ಮೂಗು ಮುರಿದರು, ಮುರಿಯಲಿ. ಟೈರು ವ್ಯಾಗನ್‌ಆರ್‌ನ 13 ಇಂಚಿನದೇ ಆಯಿತು. ಬಣ್ಣ ಕೊನೆಗೆ, ಅದೂ ಫೆಬ್ರವರಿಯಲ್ಲಿ. ಮಳೆಗಾಲದ ತೇವದಲ್ಲಿ ಡ್ಯೂಕೋ ಬಣ್ಣ ಹೊಡೆದರೆ ಬೂದು ಹಿಡಿದಂತೆ ಬಿಳಚಿಕೊಳ್ಳುತ್ತದೆ. ಬರೀ ರೆಡ್ ಆಕ್ಸೈಡ್ ಪ್ರೈಮರ್ ಬಳಿದು ಮಳೆಗೆ ಬಿಟ್ಟರೂ ಅಷ್ಟೇ, ಅದು ನೀರು ಕುಡಿಯುತ್ತದೆ.

ಪೆಟ್ರೋಲು, ಕಾಗದಪತ್ರ ಎರಡರಲ್ಲೂ ಇಂಗ್ಲೆಂಡಿನವರ ಮೇಲೆ ಹೊಟ್ಟೆಕಿಚ್ಚಾಗುತ್ತದೆ. ಅಲ್ಲಿ 2021ರಲ್ಲಿ ಶೇಕಡ 10 ಎಥೆನಾಲ್ ಬಂದಾಗ, ಹಳೇ ಗಾಡಿಗಳಿಗಾಗಿ ಶೇಕಡ 5ರದ್ದನ್ನೂ ಬಂಕಿನಲ್ಲಿ ಉಳಿಸಿಕೊಂಡರು. ನಮ್ಮಲ್ಲಿ ಈಗ ಮಾಮೂಲಿ ಪೆಟ್ರೋಲೇ ಶೇಕಡ 20ರದು. ಎಥೆನಾಲ್ ಹಳೇ ರಬ್ಬರ್ ತಿನ್ನುತ್ತದೆ, ಗಾಳಿಯ ತೇವ ಎಳೆಯುತ್ತದೆ. ಕೊಡಗಿನ ಗಾಳಿಯಲ್ಲಿ ತೇವಕ್ಕೇನು ಕಮ್ಮಿ? ಟ್ಯಾಂಕಿನಿಂದ ಕಾರ್ಬ್ಯುರೇಟರ್‌ವರೆಗೆ ಎಥೆನಾಲ್ ತಡೆಯುವ ಪೈಪ್ ಹಾಕಿಸಿದ್ದೇವೆ.

ಇನ್ನು ಕಾಗದಪತ್ರ. ಇಂಗ್ಲೆಂಡಿನಲ್ಲಿ 40 ವರ್ಷ ದಾಟಿದ ಗಾಡಿಗೆ ರಸ್ತೆ ತೆರಿಗೆ ಮಾಫಿ, 2018ರಿಂದ ವರ್ಷದ ತಪಾಸಣೆಯೂ ಕಡ್ಡಾಯವಲ್ಲ. ದಿನಾ ಸಂತೆಗೆ ಓಡಿಸಿ, ಕೇಳುವವರಿಲ್ಲ. (ನಮ್ಮ ಬೀದಿಯ ಅಜ್ಜ ಮಾತ್ರ ಈಗಲೂ ವರ್ಷಕ್ಕೊಮ್ಮೆ ದುಡ್ಡು ಕೊಟ್ಟು ತಪಾಸಣೆ ಮಾಡಿಸುತ್ತಾರೆ. ತನ್ನ ವೆಲ್ಡಿಂಗ್ ಮೇಲೆ ತನಗೇ ನಂಬಿಕೆ ಇಲ್ಲವಂತೆ.) ನಮ್ಮಲ್ಲಿ 2021ರ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಯನ್ನು 20,000 ಕಟ್ಟಿ ವಿಂಟೇಜ್ ಅಂತ ನೋಂದಾಯಿಸಬಹುದು. ಆದರೆ ಆಮೇಲೆ ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ ಬಿಟ್ಟರೆ ದಿನಬಳಕೆಗೆ ರಸ್ತೆಗಿಳಿಸುವ ಹಾಗಿಲ್ಲ. ಚಿಕ್ಕಪ್ಪನಿಗೆ ಬೇಕಿರುವುದು ಸೋಮವಾರದ ಸಂತೆಗೆ ಹೋಗಿ ಮೀನು, ತರಕಾರಿ ತರಲು ಒಂದು ಗಾಡಿ. ಅದಕ್ಕೇ ವಿಂಟೇಜ್ ಬೇಡ ಎಂದು, ಮಾಮೂಲಿ ಎಫ್‌ಸಿ (ಗಾಡಿ ಓಡಲು ಯೋಗ್ಯ ಅನ್ನುವ ಸರ್ಟಿಫಿಕೇಟು) ಮಾಡಿಸುವ ದಾರಿ ಹಿಡಿದಿದ್ದೇವೆ. ಮಡಿಕೇರಿಗೆ ಎರಡು ಸಲ ಹೋಗಿ ಬಂದಾಯಿತು, ಇನ್ನೂ ಮುಗಿದಿಲ್ಲ.

ಖರ್ಚು ಇಲ್ಲಿಯವರೆಗೆ 2 ಲಕ್ಷದ ಹತ್ತಿರ, ಪುಟ್ಟಿಗೆ ಕೊಟ್ಟ 60,000 ಬಿಟ್ಟು.

ಹೋದ ವಾರ ಟಿಂಕರ್ ವಿಡಿಯೋ ಕಾಲ್ ಮಾಡಿದರು. ಬೂಟಿನ ಬಾಗಿಲು ಸರಿ ಮಾಡಲು ಬಂದಿದ್ದವರು, ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದಿದ್ದರು. "ಸಾರ್, ನೀವು ಕುಟ್ಟದೇ ಬಿಟ್ಟಿದ್ದ ಜಾಗ. ಸ್ಟೆಪ್ನಿ ಕೆಳಗೆ ಇನ್ನೊಂದು ತೂತು ಸಿಕ್ತು, ನೋಡಿ" ಎಂದು ಅದರೊಳಗೆ ಬೆರಳು ತೂರಿಸಿ ತೋರಿಸಿದರು. ಹಿಂದಿನಿಂದ ಚಿಕ್ಕಪ್ಪನ ದನಿ ಕೇಳಿಸಿತು: "ಇವರಿಗೆ ದಿನಗೂಲಿ ಕೊಟ್ಟದ್ದೇ ತಪ್ಪಾಯ್ತು ನೋಡು, ಬರೀ ತೂತು ಹುಡುಕ್ತಾರೆ."